ಜುವಾರಿ ನದಿಯ ದಡದಲ್ಲಿ ಜೆಟ್ಟಿಗೆ ಅನುಮತಿ: ಎರಡು ಸಲಹಾ ಸಂಸ್ಥೆಗಳ ಸೇವೆ ಪಡೆದ ಅನುಭವ

ಗೋವಾದಲ್ಲಿ ಹೊಳೆಯಂಚಿಗೆ ಏನನ್ನಾದರೂ ಕಟ್ಟಬೇಕೆಂದಿರುವ ನಮ್ಮ ಕಡೆಯವರು ಸಿಕ್ಕಾಗಲೆಲ್ಲ ಮೊದಲು ಕೇಳುವುದು, ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅನುಮತಿಯನ್ನು ಯಾರಿಂದ ಮಾಡಿಸಿದಿರಿ, ಎಷ್ಟು ಹಣ ಹಿಡಿಯಿತು ಎಂದು. ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲವಾದ್ದರಿಂದ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ನಾನು ಒಂದರ ನಂತರ ಒಂದರಂತೆ ಎರಡು ಖಾಸಗಿ ಸಲಹಾ ಸಂಸ್ಥೆಗಳ ಸೇವೆ ಪಡೆದೆ. ಮೊದಲನೆಯದರಿಂದ ನಷ್ಟವಾಯಿತು, ಎರಡನೆಯದರಿಂದ ಕೆಲಸವಾಯಿತು. ಎರಡರ ಹೆಸರನ್ನೂ ಬರೆಯುವುದಿಲ್ಲ. ಒಳ್ಳೆಯ ಸೇವೆಯನ್ನು ಯಾವುದರಿಂದ ಗುರುತಿಸಬೇಕು ಎಂಬುದು ತಿಳಿದರೆ ಹೆಸರನ್ನು ನೀವೇ ಹುಡುಕಿಕೊಳ್ಳಬಲ್ಲಿರಿ.

ನಾನು ಕುಮಟಾ ಕಡೆಯವನು. ಕೊರ್ತಾಲಿಂನಿಂದ ಒಳಕ್ಕೆ, ಜುವಾರಿಯ ಒಂದು ಸಣ್ಣ ಕವಲಿನ ದಡದಲ್ಲಿ ದೋಣಿ ರಿಪೇರಿಯ ಅಂಗಳ ನಡೆಸುತ್ತಿದ್ದೇನೆ. ಮರದ ದೋಣಿ, ಫೈಬರ್ ದೋಣಿ, ಪ್ರವಾಸಿಗರನ್ನು ಒಯ್ಯುವ ಸಣ್ಣ ಬೋಟುಗಳು ನಮ್ಮಲ್ಲಿಗೆ ಬರುತ್ತವೆ. ಊರ ಕಡೆಯ ನಾಲ್ವರು ಬಡಗಿಗಳೂ ಗದಗಿನ ಇಬ್ಬರು ವೆಲ್ಡರುಗಳೂ ನನ್ನ ಜೊತೆಗಿದ್ದಾರೆ. ಗೋವಾದಲ್ಲಿ ದೊಡ್ಡ ಉಬ್ಬರಕ್ಕೂ ದೊಡ್ಡ ಇಳಿತಕ್ಕೂ ನಡುವೆ ಸುಮಾರು 2 ಮೀಟರ್ ನೀರು ಏರಿಳಿಯುತ್ತದೆ. ನಮ್ಮ ದಡ ಇಳಿಜಾರಾಗಿರುವುದರಿಂದ ಇಳಿತದ ಹೊತ್ತಿಗೆ ಅಗಲವಾದ ಕೆಸರಿನ ಪಟ್ಟಿ ಬಯಲಾಗುತ್ತದೆ, ಬಂದ ದೋಣಿ ಅದರಲ್ಲಿ ಹೂತು ನಿಲ್ಲುತ್ತದೆ. ಆರು ಜನ ಸೇರಿ ಹಗ್ಗ ಹಾಕಿ ಎಳೆಯುವುದನ್ನು ವರ್ಷಗಟ್ಟಲೆ ಮಾಡಿ ಬೆನ್ನು ನೋಯಿಸಿಕೊಂಡ ಮೇಲೆ, 2023ರಲ್ಲಿ ದೋಣಿ ತಂದು ನಿಲ್ಲಿಸಲು ನೀರಿನತ್ತ ಚಾಚಿದ ಒಂದು ಸಣ್ಣ ಜೆಟ್ಟಿಯನ್ನೂ ದೋಣಿ ಮೇಲೆಳೆಯುವ ಇಳಿಜಾರು ಕಟ್ಟೆಯನ್ನೂ ಕಟ್ಟಿಸುವುದೆಂದು ನಿರ್ಧರಿಸಿದೆ.

ಸಮುದ್ರದಿಂದ ಇಷ್ಟು ಒಳಗಿರುವ ಹೊಳೆಗೆ ಕರಾವಳಿಯ ಕಾನೂನು ಏಕೆ ಎಂದು ಹಲವರು ಕೇಳುತ್ತಾರೆ, ನಾನೂ ಕೇಳಿದ್ದೆ. ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 1991ರಲ್ಲಿ ಮೊದಲು ಬಂದು 2011ರಲ್ಲಿ ಹೊಸದಾಗಿ ಹೊರಟ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯ ಪ್ರಕಾರ, ವರ್ಷದ ಅತಿ ಒಣಗಾಲದಲ್ಲಿ ನೀರಿನ ಉಪ್ಪಿನಂಶ ಸಾವಿರಕ್ಕೆ 5 ಭಾಗ ಇರುವಲ್ಲಿಯವರೆಗೂ ಹೊಳೆ ಕರಾವಳಿಯ ಭಾಗವೇ. ಅಂಥ ಹೊಳೆಯ ಉಬ್ಬರ ರೇಖೆಯಿಂದ ದಡದ ಮೇಲೆ 100 ಮೀಟರ್ ಅಥವಾ ಹೊಳೆಯ ಅಗಲ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜಾಗ ನಿಯಂತ್ರಣಕ್ಕೆ ಒಳಪಡುತ್ತದೆ. 2019ರ ಅಧಿಸೂಚನೆ ಈ 100 ಮೀಟರನ್ನು 50ಕ್ಕೆ ಇಳಿಸಿತು. ಆದರೆ ಅದರಂತೆ ತಯಾರಾದ ಕರಾವಳಿ ವಲಯ ನಕ್ಷೆಗೆ ಅನುಮೋದನೆ ಸಿಗುವ ತನಕ ಆ ರಿಯಾಯಿತಿ ಜಾರಿಗೆ ಬರುವುದಿಲ್ಲ. ಗೋವಾದಲ್ಲಿ 2011ರ ನಿಯಮದ ನಕ್ಷೆಗೇ ಕೇಂದ್ರದ ಒಪ್ಪಿಗೆ ದೊರೆತದ್ದು 2022ರ ಸೆಪ್ಟೆಂಬರಿನಲ್ಲಿ. ಹಾಗಾಗಿ ನನ್ನ ಅರ್ಜಿ 2011ರ ನಿಯಮದಂತೆಯೇ ನಡೆಯಿತು. "ಈಗ 50 ಮೀಟರ್ ಸಾಕು ಸಾರ್" ಎಂದು ಯಾರಾದರೂ ಹೇಳಿದರೆ, ನಿಮ್ಮ ಜಾಗಕ್ಕೆ ಆ ದಿನ ಯಾವ ನಕ್ಷೆ ಜಾರಿಯಲ್ಲಿದೆ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ.

ಜೆಟ್ಟಿ, ಇಳಿಜಾರು ಕಟ್ಟೆ ಮುಂತಾದವು ನೀರಿನ ಅಂಚಿನಲ್ಲಲ್ಲದೆ ಬೇರೆಲ್ಲೂ ಕಟ್ಟಲಾಗದ ಕೆಲಸಗಳಾದ್ದರಿಂದ ಕಾನೂನು ಅವಕ್ಕೆ ದಾರಿ ಇಟ್ಟಿದೆ. ಫಾರ್ಮ್-1 ಎಂಬ ಅರ್ಜಿ ನಮೂನೆ, ಪರಿಸರ ಪರಿಣಾಮದ ವರದಿ, ಕೇಂದ್ರ ಪರಿಸರ ಸಚಿವಾಲಯ ಗುರುತಿಸಿದ ಸಂಸ್ಥೆಯೊಂದರಿಂದ ಉಬ್ಬರ-ಇಳಿತದ ರೇಖೆ ಗುರುತಿಸಿ 1:4000 ಅಳತೆಯಲ್ಲಿ ಮಾಡಿಸಿದ ನಕ್ಷೆ, ಸುತ್ತಲಿನ 7 ಕಿಲೋಮೀಟರ್ ವ್ಯಾಪ್ತಿಯ ನಕ್ಷೆ ಇವಿಷ್ಟು ಅರ್ಜಿಯ ಜೊತೆ ಹೋಗಬೇಕು. ಇದಲ್ಲದೆ ಪಂಚಾಯತಿ, ಕ್ಯಾಪ್ಟನ್ ಆಫ್ ಪೋರ್ಟ್ಸ್ (ಬಂದರು) ಇಲಾಖೆ, ಮೀನುಗಾರಿಕಾ ಇಲಾಖೆ, ಹತ್ತಿರ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿದ್ದರೆ ಅರಣ್ಯ ಇಲಾಖೆ ಎಂದು ಒಂದೊಂದಾಗಿ ಎದುರಾಗುತ್ತವೆ. ಒಬ್ಬನೇ ಓಡಾಡಿ ಮಾಡಲಾಗದ ಕೆಲಸವೇನಲ್ಲ. ಆದರೆ ಅಂಗಳದ ಕೆಲಸ ಬಿಟ್ಟು ಓಡಾಡಲು ನನ್ನಿಂದ ಸಾಧ್ಯವಿರಲಿಲ್ಲ.

ಮೊದಲ ಸಂಸ್ಥೆಯವರು ಮಾತಿನಲ್ಲಿ ಬಹಳ ಚುರುಕು. ಮೂರು ತಿಂಗಳಲ್ಲಿ ಕಾಗದ ಕೈಯಲ್ಲಿಡುತ್ತೇವೆ, ಸಣ್ಣ ಕೆಲಸ, ಚಿಂತೆ ಬೇಡ ಎಂದರು. ಅರ್ಧ ಹಣ ಮುಂಗಡವಾಗಿ ಪಡೆದರು. ಒಬ್ಬ ಹುಡುಗ ಉಬ್ಬರದ ಹೊತ್ತಿಗೆ ಬಂದು, ದಡದ ಮೇಲೆ ನಿಂತು ನಾಲ್ಕು ಫೋಟೋ ತೆಗೆದು, ಒಂದು ಬಾಟಲಿ ನೀರು ತುಂಬಿಕೊಂಡು ಹೋದ. ಇಳಿತದ ವೇಳೆಗೆ ಬಂದು ನೋಡಿ ಎಂದು ನಾನು ಎರಡು ಸಲ ಹೇಳಿದ್ದೆ. ಅಗತ್ಯವಿಲ್ಲ ಎಂಬ ಉತ್ತರ ಬಂತು.

ನಾಲ್ಕು ತಿಂಗಳ ನಂತರ ಕರಡು ವರದಿ ಬಂತು. ನೂರಾ ಹದಿನೆಂಟು ಪುಟ, ಬಣ್ಣದ ರಕ್ಷಾಪುಟ. ನಾನು ಕೂತು ಓದಿದೆ, ಅದು ನನ್ನ ಅದೃಷ್ಟ. ನೀರಿನ ಗುಣದ ಕೋಷ್ಟಕದಲ್ಲಿ ಮಳೆಗಾಲದ ಉಪ್ಪಿನಂಶಕ್ಕೂ ಬೇಸಿಗೆಯ ಉಪ್ಪಿನಂಶಕ್ಕೂ ಒಂದೇ ಅಂಕಿ ಇತ್ತು. ಜುಲೈಯಲ್ಲಿ ಘಟ್ಟದ ನೀರು ಇಳಿದು ಬರುವಾಗ ನಮ್ಮ ಕವಲಿನ ನೀರನ್ನು ನಾಲಿಗೆಗೆ ಹಚ್ಚಿದರೆ ಸಪ್ಪೆ; ಏಪ್ರಿಲಿನಲ್ಲಿ ಅದೇ ನೀರು ಸಮುದ್ರದಷ್ಟೇ ಉಪ್ಪು. ಈ ಏರುಪೇರಿನ ಮೇಲೆಯೇ ಇಲ್ಲಿಯ ಮೀನು, ಸಿಗಡಿ, ಬಳಚು ಎಂಬ ಚಿಪ್ಪುಜೀವಿ ಇವುಗಳ ಬದುಕು ನಿಂತಿದೆ. ಮುಂದೆ ಮೀನಿನ ಪಟ್ಟಿ ನೋಡಿದರೆ ಹಿಲ್ಸಾ ಇತ್ತು, ನಮ್ಮ ಕವಲಿನಲ್ಲಿ ದಿನವೂ ಬಲೆಗೆ ಬೀಳುವ ಶೆವಟೊ ಇರಲಿಲ್ಲ. ಎಪ್ಪತ್ತನೆಯ ಪುಟದ ಸುಮಾರಿಗೆ ಬೇರೆ ರಾಜ್ಯದ ಒಂದು ನದಿಯ ಹೆಸರು ಅಳಿಸಲು ಮರೆತು ಹಾಗೆಯೇ ಉಳಿದಿತ್ತು. "ಯೋಜನಾ ಪ್ರದೇಶದಲ್ಲಿ ಗಮನಾರ್ಹ ಜಲಚರಗಳು ಕಂಡುಬಂದಿಲ್ಲ" ಎಂಬ ವಾಕ್ಯವೂ ಇತ್ತು. ನಮ್ಮ ದಡದ ಕೆಸರಿನಲ್ಲಿ ಪ್ರತಿ ಇಳಿತಕ್ಕೂ ಏಳೆಂಟು ಹೆಂಗಸರು ಬುಟ್ಟಿ ಹಿಡಿದು ತಿಸ್ರಿಯೊ, ಅಂದರೆ ಬಳಚು, ಹೆಕ್ಕುತ್ತಾರೆ. ಆ ವಾಕ್ಯ ಅವರನ್ನು ಕಾಗದದ ಮೇಲೆ ಇಲ್ಲವಾಗಿಸಿತ್ತು. ಅದಕ್ಕೆ ನನ್ನ ಸಹಿ ಬೇಕಿತ್ತು. ನಾನು ಹಾಕಲಿಲ್ಲ. ಮುಂಗಡ ಹಣ ಹಿಂದಿರುಗಲಿಲ್ಲ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಅರ್ಜಿಯಲ್ಲಿರುವ ಪ್ರತಿ ಮಾಹಿತಿಗೂ ಹೊಣೆ ಅರ್ಜಿದಾರನೇ ಹೊರತು ಸಲಹೆಗಾರನಲ್ಲ. ಸುಳ್ಳು ಮಾಹಿತಿಯ ಮೇಲೆ ಸಿಕ್ಕ ಅನುಮತಿ ಯಾವಾಗ ಬೇಕಾದರೂ ರದ್ದಾಗಬಹುದು, ಯಾರಾದರೂ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಪುಣೆ ಪೀಠಕ್ಕೆ ಹೋದರೆ ಉತ್ತರ ಕೊಡಬೇಕಾದವರು ನಾವೇ. ಅದಕ್ಕಿಂತ ಹೆಚ್ಚಾಗಿ, ಆ ಹೆಂಗಸರು ನನ್ನ ನೆರೆಯವರು.

ಎರಡನೆಯ ಸಂಸ್ಥೆಯನ್ನು ನನಗೆ ಪರಿಚಯಿಸಿದವರು ಕಾರವಾರದ ಒಬ್ಬ ಖಾರ್ವಿ ಹಿರಿಯರು. ಸಂಸ್ಥೆಯವರು ಮೊದಲ ಭೇಟಿಯಲ್ಲಿ ಹಣದ ಮಾತೆತ್ತುವುದಕ್ಕೂ ಮುಂಚೆ ಜನವರಿಯ ಉಬ್ಬರ-ಇಳಿತದ ಪಟ್ಟಿ ತೆಗೆದು, ಅಮಾವಾಸ್ಯೆಯ ಮರುದಿನದ ಬೆಳಗಿನ ಇಳಿತಕ್ಕೆ ಬರುತ್ತೇವೆ ಎಂದರು. ಸೇವೆಯ ಗುಣಮಟ್ಟ ನನಗೆ ಅಲ್ಲೇ ತಿಳಿಯಿತು.

ಆ ಬೆಳಗ್ಗೆ ಆರು ಗಂಟೆಗೆ, ಇನ್ನೂ ಮಂಜು ಹರಿಯದ ಹೊತ್ತಿನಲ್ಲಿ, ಮೂವರು ಬಂದರು. ಅವರಲ್ಲಿ ಒಬ್ಬಳು ಜೀವವಿಜ್ಞಾನ ಓದಿದ ಹುಡುಗಿ. ಮೊಣಕಾಲಿನವರೆಗೆ ಕೆಸರಿನಲ್ಲಿ ಇಳಿದು, ಪಿವಿಸಿ ಪೈಪಿನಿಂದ ಮಾಡಿದ ಚೌಕಟ್ಟೊಂದನ್ನು ಕೆಸರಿನ ಮೇಲಿಟ್ಟು, ಅದರೊಳಗಿನ ಮಣ್ಣನ್ನು ಒಂದು ಗೇಣು ಆಳಕ್ಕೆ ತೋಡಿ ಜರಡಿಗೆ ಹಾಕಿ ಹೊಳೆಯ ನೀರಿನಲ್ಲೇ ಜಾಲಿಸಿದಳು. ಜರಡಿಯಲ್ಲಿ ಉಳಿದದ್ದನ್ನು ನನಗೆ ತೋರಿಸಿದಳು: ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಬಳಚು ಹದಿನಾಲ್ಕು, ಅಕ್ಕಿಕಾಳಿನಷ್ಟು ಸಣ್ಣವು ಎಣಿಸಲಾಗದಷ್ಟು, ಎರಡು ಕೆಂಪು ಹುಳು, ಒಂದು ಪುಟ್ಟ ಏಡಿ. ಹೀಗೆ ದಡದುದ್ದಕ್ಕೂ ಹನ್ನೆರಡು ಕಡೆ ಮಾಡಿದಳು. ನಾನು ಜೆಟ್ಟಿಗೆಂದು ಗೂಟ ಹೊಡೆದಿದ್ದ ಜಾಗದಲ್ಲೇ ಎಲ್ಲಕ್ಕಿಂತ ಹೆಚ್ಚು ಮರಿಗಳಿದ್ದವು. ಬುಟ್ಟಿ ಹಿಡಿದು ಬಂದಿದ್ದ ಹೆಂಗಸರು ನಿಂತು ನೋಡುತ್ತಿದ್ದರು. ಅವರಲ್ಲೊಬ್ಬರು ಇದನ್ನು ನಮ್ಮನ್ನು ಕೇಳಿದ್ದರೆ ಅಗೆಯದೆಯೇ ಹೇಳುತ್ತಿದ್ದೆವಲ್ಲ ಎಂದು ಕೊಂಕಣಿಯಲ್ಲಿ ಹೇಳಿದರು. ಹುಡುಗಿ ಜರಡಿ ಕೆಳಗಿಟ್ಟು ಅವರ ಜೊತೆ ಅರ್ಧ ಗಂಟೆ ಮಾತನಾಡಿ, ಯಾವ ತಿಂಗಳು ಎಲ್ಲಿ ಹೆಕ್ಕುತ್ತಾರೆ ಎಂಬುದನ್ನೆಲ್ಲ ಬರೆದುಕೊಂಡಳು. ಆ ಮಾತುಕತೆ ವರದಿಯಲ್ಲಿ ಒಂದು ಇಡೀ ಅಧ್ಯಾಯವಾಗಿ ಬಂದಿದೆ.

ಕಾಂಡ್ಲಾ ಗಿಡಗಳ ಬುಡದಲ್ಲಿ ಸಣ್ಣ ಬೀಸುಬಲೆ ಹಾಕಿದಾಗ ಬಂದ ಮರಿಗಳನ್ನೂ ಅವಳು ಒಂದು ಬಿಳಿ ಟ್ರೇಯಲ್ಲಿ ಹಾಕಿ ತೋರಿಸಿ, ಎಣಿಸಿ, ಹಿಂದಕ್ಕೆ ಬಿಟ್ಟಳು. ಚೊಣಕ್ ಮೀನು ಅಳಿವೆಯ ಉಪ್ಪುನೀರಿನಲ್ಲಿ ಮೊಟ್ಟೆಯಿಡುತ್ತದೆ, ಮರಿಗಳು ಬೆಳೆಯಲು ಇಂಥ ಬೇರುಗಳ ನಡುವಿಗೆ ಬರುತ್ತವೆ. ಸಿಗಡಿಯೂ ಹಾಗೆಯೇ: ಹುಟ್ಟುವುದು ಸಮುದ್ರದಲ್ಲಿ, ಬೆಳೆಯುವುದು ಹೊಳೆಯಲ್ಲಿ. ಕಾಂಡ್ಲಾ 1000 ಚದರ ಮೀಟರಿಗಿಂತ ಹೆಚ್ಚು ಹಬ್ಬಿದ್ದರೆ ಅದರ ಸುತ್ತ 50 ಮೀಟರ್ ಬಿಡಬೇಕೆಂಬ ನಿಯಮದ ಅರ್ಥ ನನಗೆ ಆ ಟ್ರೇ ನೋಡಿದ ಮೇಲೆ ಆಯಿತು. ಚಿಖಲಿ ಕೊಲ್ಲಿಯ ಕಿಟಕಿ ಚಿಪ್ಪಿನ ಬಗ್ಗೆಯೂ ಅವಳಿಂದಲೇ ಕೇಳಿದೆ. ಗೋವಾದ ಹಳೆಯ ಮನೆಗಳ ಕಿಟಕಿಗಳಲ್ಲಿ ಗಾಜಿನ ಬದಲು ಕೂರಿಸಿರುವ ಹಾಲುಬಣ್ಣದ ಆ ಚಿಪ್ಪು ಇದೇ ಜುವಾರಿಯ ಕೆಸರಿನಲ್ಲಿ ಬದುಕುತ್ತದೆ ಎಂದು, ಇಷ್ಟು ವರ್ಷ ಇಲ್ಲಿದ್ದೂ ನನಗೆ ತಿಳಿದಿರಲಿಲ್ಲ.

ಎರಡು ವಾರದ ನಂತರ ಅವರು ಕೊಟ್ಟ ಸಲಹೆ ನನಗೆ ಮೊದಲು ಇಷ್ಟವಾಗಲಿಲ್ಲ. ಜೆಟ್ಟಿಯನ್ನು ಮೂವತ್ತು ಮೀಟರ್ ಕೆಳಕ್ಕೆ, ಹೊಳೆ ತಿರುಗುವ ಕಡೆಗೆ ಸರಿಸಬೇಕು. ಅಲ್ಲಿ ದಡ ಕಡಿದಾಗಿದೆ, ತಳದಲ್ಲಿ ಗಟ್ಟಿ ಜಂಬಿಟ್ಟಿಗೆಯಿದೆ, ಬಳಚು ಇಲ್ಲವೇ ಇಲ್ಲ. ಕಲ್ಲು ತುಂಬಿಸಿ ಕಟ್ಟುವ ಗೋಡೆಯ ಬದಲು ಕಂಬಗಳ ಮೇಲೆ ನಿಲ್ಲುವ ಜೆಟ್ಟಿ ಆಗಬೇಕು. ಕಲ್ಲಿನ ಕಟ್ಟೆಯು ಹೊಳೆಯ ಹರಿವಿಗೆ ಅಡ್ಡ ನಿಂತರೆ ಒಂದು ಬದಿಗೆ ಹೂಳು ತುಂಬುತ್ತದೆ, ಇನ್ನೊಂದು ಬದಿಗೆ ದಡ ಕೊರೆಯುತ್ತದೆ. ಹೂಳು ತುಂಬಿದಲ್ಲಿ ಬಳಚು ಉಸಿರುಕಟ್ಟಿ ಸಾಯುತ್ತದೆ. ಕಂಬಗಳಾದರೆ ನೀರು ನಡುವೆ ಹಾದು ಹೋಗುತ್ತದೆ. ಕಂಬಗಳನ್ನು ಹೊರಗೆ ಎರಕ ಹೊಯ್ದು, ಗಟ್ಟಿಯಾದ ಮೇಲೆ ತಂದು ನಿಲ್ಲಿಸಬೇಕು, ಏಕೆಂದರೆ ಹಸಿ ಸಿಮೆಂಟು ಬೆರೆತ ನೀರು ತೀಕ್ಷ್ಣ ಕ್ಷಾರವಾಗಿ ಮೀನಿನ ಕಿವಿರನ್ನು ಸುಡುತ್ತದೆ. ನೀರಿನೊಳಗಿನ ಕೆಲಸವೆಲ್ಲ ಮಳೆ ಹಿಡಿಯುವುದಕ್ಕೆ ಮೊದಲೇ ಮುಗಿಯಬೇಕು; ಜೂನ್ 1ರಿಂದ ಜುಲೈ 31ರವರೆಗೆ ಸಮುದ್ರದಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧವಿರುವಾಗ ಮರಿಗಳು ಹೊಳೆಗೆ ಬರುವ ಆ ಕಾಲದಲ್ಲಿ ಕಂಬ ಹೊಡೆಯುವುದು ಸರಿಯಲ್ಲ. ದೋಣಿಯ ತಳ ಉಜ್ಜಿದ ಹಳೆಯ ಬಣ್ಣದ ಪುಡಿ ಹೊಳೆಗೆ ಹೋಗದಂತೆ ಇಳಿಜಾರು ಕಟ್ಟೆಯ ಬುಡಕ್ಕೆ ಒಂದು ಚರಂಡಿ, ಒಂದು ಗುಂಡಿ. ಪಾಚಿ, ಚಿಪ್ಪು ಹಿಡಿಯದಿರಲೆಂದು ಹಚ್ಚುವ ಆ ಬಣ್ಣದಲ್ಲಿ ತಾಮ್ರವಿರುತ್ತದೆ, ಅದು ಚಿಪ್ಪುಜೀವಿಗಳಿಗೆ ವಿಷ. ಇಷ್ಟು ವರ್ಷ ನಾವು ಆ ಪುಡಿಯನ್ನು ಪೊರಕೆಯಿಂದ ಗುಡಿಸಿ ನೀರಿಗೇ ತಳ್ಳುತ್ತಿದ್ದೆವು. ಅದನ್ನು ಬರೆಯುವಾಗ ಈಗಲೂ ಮನಸ್ಸಿಗೆ ಕಸಿವಿಸಿಯಾಗುತ್ತದೆ.

ಇನ್ನೊಂದು ವಿಷಯವನ್ನು ಅವರೇ ಕಂಡುಹಿಡಿದರು. ನನ್ನ ಅಂಗಳದ ಮೇಲ್ಬದಿಗೆ ಖಾಜನ್ ಗದ್ದೆಗಳಿವೆ. ಖಾಜನ್ ಎಂದರೆ ಉಬ್ಬರದ ಉಪ್ಪುನೀರನ್ನು ಒಡ್ಡು ಕಟ್ಟಿ ತಡೆದು ಬೇಸಾಯ ಮಾಡುವ ತಗ್ಗು ಭೂಮಿ; ಉತ್ತರ ಕನ್ನಡದವರಿಗೆ ಬೇರೆ ವಿವರಣೆ ಬೇಡ, ಅದು ನಮ್ಮ ಗಜನಿಯೇ. ಮಾಣಿಕಟ್ಟಾದ ಗಜನಿಯಲ್ಲಿ ಕಗ್ಗ ಭತ್ತ ಬೆಳೆದು, ಕೊಯ್ಲಾದ ಮೇಲೆ ಬಾಗಿಲು ತೆಗೆದು ಉಪ್ಪುನೀರು ಬಿಟ್ಟು ಸಿಗಡಿ ಹಿಡಿಯುವಂತೆ ಇಲ್ಲಿಯೂ ಒಡ್ಡು, ಮಾನಸ್ ಎಂದು ಕರೆಯುವ ಬಾಗಿಲು, ಅದರ ಹಿಂದೆ ಮೀನು ಬೆಳೆಯುವ ಪೊಂಯ್ ಎಂಬ ಹೊಂಡ ಇವೆ. ಉಬ್ಬರ ಬಂದಾಗ ನೀರಿನ ಒತ್ತಡಕ್ಕೆ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ, ಇಳಿತಕ್ಕೆ ಗದ್ದೆಯ ನೀರಿನ ಒತ್ತಡಕ್ಕೆ ತಾನೇ ತೆರೆದುಕೊಳ್ಳುತ್ತದೆ. ನನ್ನ ಹಳೆಯ ನಕ್ಷೆಯ ಕಲ್ಲಿನ ಗೋಡೆ ಕಟ್ಟಿದ್ದರೆ ಹೂಳು ಆ ಬಾಗಿಲಿನ ಮುಂದೆಯೇ ಬಂದು ಕೂರುತ್ತಿತ್ತು. 2011ರ ಅಧಿಸೂಚನೆಯಲ್ಲಿ ಗೋವಾಕ್ಕೆಂದೇ ಇರುವ ಭಾಗದಲ್ಲಿ ಖಾಜನ್ ಭೂಮಿಯನ್ನೂ ಅದರ ಕಾಂಡ್ಲಾವನ್ನೂ ಕಾಪಾಡಬೇಕು, ಅಲ್ಲಿ ಯಾವ ಅಭಿವೃದ್ಧಿ ಕೆಲಸವೂ ಕೂಡದು ಎಂದು ಸ್ಪಷ್ಟವಾಗಿದೆ. ಮೊದಲ ಸಂಸ್ಥೆಯ ನೂರಾ ಹದಿನೆಂಟು ಪುಟಗಳಲ್ಲಿ ಖಾಜನ್ ಎಂಬ ಪದವೇ ಇರಲಿಲ್ಲ.

ಆಮೇಲಿನದು ಕಾಗದದ ಕೆಲಸ. ಪೂರ್ಣ ಅರ್ಜಿ ತಲುಪಿದ 60 ದಿನಗಳೊಳಗೆ ರಾಜ್ಯದ ಕರಾವಳಿ ವಲಯ ಪ್ರಾಧಿಕಾರ ಪರಿಶೀಲಿಸಿ ಶಿಫಾರಸು ಮಾಡಬೇಕೆಂದು ಅಧಿಸೂಚನೆ ಹೇಳುತ್ತದೆ. ಇಲ್ಲಿ ಪೂರ್ಣ ಎಂಬ ಪದವೇ ಮುಖ್ಯ. ಒಂದು ನಕ್ಷೆ, ಒಂದು ನಿರಾಕ್ಷೇಪಣಾ ಪತ್ರ ಕಡಿಮೆಯಾದರೂ ದಿನಗಳ ಲೆಕ್ಕ ಶುರುವಾಗುವುದಿಲ್ಲ. ಈ ಸಂಸ್ಥೆಯವರು ಎಲ್ಲವೂ ಕೈಗೆ ಬರುವ ತನಕ ಅರ್ಜಿ ಹಾಕಲು ಒಪ್ಪಲಿಲ್ಲ. ನನಗೆ ಆಗ ಅಸಹನೆಯಾಗಿತ್ತು, ಈಗ ಅದೇ ಸರಿಯೆನಿಸುತ್ತದೆ. ಸ್ಥಳ ತನಿಖೆಗೆ ಬಂದವರು ಕೇಳಿದ ಪ್ರಶ್ನೆಗಳಿಗೆಲ್ಲ ಆ ಜೀವವಿಜ್ಞಾನದ ಹುಡುಗಿಯ ಎಣಿಕೆಯ ಹಾಳೆಗಳಲ್ಲಿ ಉತ್ತರವಿತ್ತು. ಮೊದಲ ಇಳಿತದ ದಿನದಿಂದ ಅನುಮತಿ ಪತ್ರ ಕೈಸೇರುವವರೆಗೆ ಹನ್ನೊಂದು ತಿಂಗಳು ಹಿಡಿಯಿತು.

ಈ ಸಂಸ್ಥೆಯ ಸೇವೆಯಲ್ಲಿ ಕೊರತೆಗಳಿಲ್ಲವೆಂದಲ್ಲ. ವರದಿಯನ್ನು ಹೇಳಿದ ದಿನಕ್ಕಿಂತ ಐದು ವಾರ ತಡವಾಗಿ ಕೊಟ್ಟರು. ಎಲ್ಲ ಕಾಗದಗಳೂ ಇಂಗ್ಲಿಷಿನಲ್ಲಿದ್ದವು; ನಾನು ಹೇಗೋ ಓದಿಕೊಂಡೆ, ಆದರೆ ಪಂಚಾಯತಿಯ ಸಭೆಯಲ್ಲಿ ನೆರೆಯವರಿಗೆ ವಿವರಿಸಲು ಕೊಂಕಣಿಯಲ್ಲಿ ಎರಡು ಪುಟದ ಸಾರಾಂಶವನ್ನಾದರೂ ಕೊಡಬೇಕಿತ್ತು, ಕೇಳಿದರೂ ಕೊಡಲಿಲ್ಲ. ಅರ್ಜಿಯನ್ನು ಪರಿವೇಶ್ ಎಂಬ ಸರ್ಕಾರಿ ಜಾಲತಾಣಕ್ಕೆ ಹಾಕುವಾಗ ಹಳೆಯ ಜಾಗದ ನಕ್ಷೆಯನ್ನೇ ಒಮ್ಮೆ ತಪ್ಪಾಗಿ ಏರಿಸಿ, ಅದನ್ನು ಸರಿಪಡಿಸಲು ಮೂರು ವಾರ ಕಳೆದರು. ಎಲ್ಲಕ್ಕಿಂತ ಬೇಸರದ ವಿಷಯವೆಂದರೆ, ಅನುಮತಿ ಸಿಕ್ಕ ಮೇಲೂ ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 31ಕ್ಕೆ ಷರತ್ತು ಪಾಲನೆಯ ವರದಿ ಸಲ್ಲಿಸಬೇಕು, ಅದಕ್ಕೆ ಬೇರೆ ಶುಲ್ಕ ಎಂಬುದನ್ನು ಒಪ್ಪಂದದ ಹೊತ್ತಿಗೆ ಹೇಳಿರಲಿಲ್ಲ. ನೀವು ಯಾರ ಬಳಿ ಹೋದರೂ ಇದನ್ನು ಮೊದಲೇ ಕೇಳಿ ಬರೆಸಿಕೊಳ್ಳಿ.

ಖರ್ಚಿನ ಮಾತು ಹೇಳುವುದಾದರೆ, ಎರಡನೆಯ ಸಂಸ್ಥೆಯ ಶುಲ್ಕ ಮೊದಲನೆಯದರ ಒಂದೂವರೆ ಪಟ್ಟು. ಕಂಬದ ಜೆಟ್ಟಿಗೆ ಕಲ್ಲಿನ ಕಟ್ಟೆಗಿಂತ ಖರ್ಚೂ ಹೆಚ್ಚಾಯಿತು. ಆದರೆ ಕಡಿದಾದ ದಡದಲ್ಲಿ ನೀರು ಆಳವಿರುವುದರಿಂದ ಜೆಟ್ಟಿಯ ಉದ್ದ ಎಂಟು ಮೀಟರ್ ಕಡಿಮೆ ಸಾಕಾಯಿತು, ಹೂಳೆತ್ತುವ ಗೊಡವೆಯೂ ಇಲ್ಲ. ಮನೆಯ ಹಿಂದೆ ನಾಲ್ಕು ಮೆಟ್ಟಿಲು ಕಟ್ಟುವವರಿಗೆ ಇಷ್ಟು ದುಬಾರಿ ಸೇವೆ ಬೇಕಾಗಲಾರದು. ಅವರು ನೇರವಾಗಿ ಪಂಚಾಯತಿ ಮತ್ತು ಪ್ರಾಧಿಕಾರದ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು. ಜೆಟ್ಟಿ, ದಡದ ಗೋಡೆ, ದೋಣಿಯಂಗಳ, ಹೊಳೆಯಂಚಿನ ಹೋಟೆಲು ಇಂಥವುಗಳಿಗೆ ಕೈಹಾಕುವವರು ಸಲಹೆಗಾರರನ್ನು ಎಷ್ಟು ದಿನದಲ್ಲಿ ಮಾಡಿಕೊಡುತ್ತೀರಿ ಎಂದು ಕೇಳುವುದಕ್ಕಿಂತ ಮುಂಚೆ ಯಾವ ಇಳಿತಕ್ಕೆ ಬರುತ್ತೀರಿ ಎಂದು ಕೇಳಿ.

ಮಾರ್ಚಿನಲ್ಲಿ ಕಂಬಗಳು ನಿಂತವು, ಮೇ ಎರಡನೆಯ ವಾರಕ್ಕೆ ಹಲಗೆ ಹಾಸುವ ಕೆಲಸ ಮುಗಿಯಿತು. ಹಳೆಯ ಗೂಟಗಳನ್ನು ಕಿತ್ತ ಜಾಗದಲ್ಲಿ ಹೆಂಗಸರು ಎಂದಿನಂತೆ ಹೆಕ್ಕುತ್ತಿದ್ದಾರೆ. ಡಿಸೆಂಬರಿನ ವರದಿಗೆ ಹಿಂದಿನ ಹನ್ನೆರಡು ಕಡೆಗಳಲ್ಲೇ ಮತ್ತೆ ಎಣಿಕೆ ಮಾಡಬೇಕಾಗಿದೆ. ಈ ಸಲ ಚೌಕಟ್ಟನ್ನು ನಮ್ಮ ಬಡಗಿಗಳೇ ಮಾಡಿಟ್ಟಿದ್ದಾರೆ, ಎಲ್ಲೆಲ್ಲಿ ಇಡಬೇಕೆಂದು ತೋರಿಸಲು ಬುಟ್ಟಿಯ ಹೆಂಗಸರಲ್ಲಿ ಇಬ್ಬರು ಒಪ್ಪಿದ್ದಾರೆ.